ಹಗರಿಯ ಸೀಮೆಯೂ ಕಾಗದದ ನಕಾಶೆಯೂ

ಮೋಟಾರಿನಲ್ಲಿ ಪರಸ್ಥಳಕ್ಕೆ ಹೊರಡುವ ಗೃಹಸ್ಥರು ಬುತ್ತಿಯ ಗಂಟನ್ನು ಮರೆಯುವುದಿಲ್ಲ. ಕುಡಿಯುವ ನೀರನ್ನು ಮರೆಯುವುದಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಔಷಧದ ಡಬ್ಬಿಯೂ ಸಂಗಡ ಬರುವುದು. ಗಾಡಿಯ ಹಿಂಬದಿಯಲ್ಲಿ ಹೆಚ್ಚಿನದೊಂದು ಗಾಲಿಯಂತೂ ಇದ್ದೇ ಇರುವುದು. ಆದರೆ ತಾವು ಹಾದುಹೋಗಬೇಕಾದ ಸೀಮೆಯ ನಕಾಶೆಯನ್ನು ಕಾಗದದ ರೂಪದಲ್ಲಿ ಇಟ್ಟುಕೊಂಡವರು ಈಗ ಬಹು ವಿರಳ. ಎಲ್ಲರ ಕೈಯಲ್ಲಿಯೂ ಮೊಬೈಲು ಇರುವಾಗ ಅದರ ಅವಶ್ಯಕತೆಯೇನೆಂದು ಕೇಳುವವರೇ ಹೆಚ್ಚು. ನಮ್ಮ ಮನೆಯಲ್ಲಿಯೂ ಹಾಗೆಯೇ ಕೇಳುತ್ತಿದ್ದರು. ಕಾರಿನ ಮುಂಗಡೆಯ ಖಾನೆಯಲ್ಲಿ ನಾವು ಮಡಿಸಿಟ್ಟಿದ್ದ ಹಾಳೆಗಳನ್ನು ನಮ್ಮ ಮನೆಯವರು "ಮೇಷ್ಟರ ಬೆತ್ತ" ಎಂದು ಕರೆಯುತ್ತಿದ್ದರು. ಬಳಸುವುದಕ್ಕೆ ಈಗ ಹುಡುಗರಿಲ್ಲ, ಬಿಸಾಡುವುದಕ್ಕೆ ಮನಸ್ಸಿಲ್ಲ ಎಂಬುದು ಅವರ ಇಂಗಿತ. ಹೋದ ವರ್ಷದ ಆಶ್ವಯುಜ ಮಾಸದಲ್ಲಿ ನಡೆದ ಒಂದು ಸಂಗತಿಯಿಂದ ಈ ಹಾಸ್ಯವು ನಿಂತಿತು. ಅದರೊಂದಿಗೆ ನಮ್ಮ ಗರ್ವವೂ ತುಸು ಇಳಿಯಿತೆಂಬುದನ್ನು ವಾಚಕರಲ್ಲಿ ಮರೆಮಾಚಬಾರದು.

ಸಂಗತಿಗೆ ಮೊದಲು ಸೀಮೆಯ ಪರಿಚಯವಾಗಬೇಕು. ತುಂಗಭದ್ರೆಯ ಬಲದಂಡೆಯಲ್ಲಿ, ಸಂಡೂರಿನ ಬೆಟ್ಟಗಳಿಂದ ನೈರುತ್ಯಕ್ಕೆ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಎಂಬ ನಾಲ್ಕು ಊರುಗಳು ಒಂದು ಚಚ್ಚೌಕದ ನಾಲ್ಕು ಮೂಲೆಗಳಂತೆ ಕುಳಿತಿವೆ. ವಾಯವ್ಯಕ್ಕೆ ಹಡಗಲಿ, ಈಶಾನ್ಯಕ್ಕೆ ಬೊಮ್ಮನಹಳ್ಳಿ, ಆಗ್ನೇಯಕ್ಕೆ ಕೊಟ್ಟೂರು, ನೈರುತ್ಯಕ್ಕೆ ಹರಪನಹಳ್ಳಿ. ನೇರವಾಗಿ ಸೂತ್ರ ಹಿಡಿದರೆ ಒಂದೊಂದು ಮಗ್ಗುಲೂ ಸುಮಾರು ೨೫ರಿಂದ ೩೦ ಕಿಲೋಮೀಟರು. ಪ್ರತಿ ಮಗ್ಗುಲಿಗೂ ಒಂದೊಂದು ಹೆದ್ದಾರಿ. ಐದನೆಯದಾದ ಕೂಡ್ಲಿಗಿಯು ಈ ಚೌಕದ ಹೊರಗೆ, ಕೊಟ್ಟೂರಿನಿಂದ ಮೂಡಣಕ್ಕೆ, ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ದೊಡ್ಡ ರಸ್ತೆಯ ಮೇಲಿದೆ. ಮಹಾತ್ಮರ ಚಿತಾಭಸ್ಮವನ್ನಿರಿಸಿದ ಹುತಾತ್ಮ ಸ್ಮಾರಕವು ಇರುವುದು ಆ ಊರಿನಲ್ಲಿಯೇ.

ಇದು ಹೊರಗಿನವರು ಕಾರಣವಿಲ್ಲದೆ ಬರುವ ಸೀಮೆಯಲ್ಲ. ಬಂದವರು ಬಹುಮಟ್ಟಿಗೆ ದೇವರ ಹೆಸರು ಹೇಳಿಕೊಂಡು ಬರುವರು: ಕೊಟ್ಟೂರೇಶ್ವರನ ತೇರಿಗೆ, ಮೈಲಾರದ ಕಾರಣಿಕಕ್ಕೆ, ಉಜ್ಜಿನಿಯ ಪೀಠಕ್ಕೆ, ಶಿಲ್ಪವನ್ನು ಬಲ್ಲವರಾದರೆ ಬಾಗಳಿಯ ಕಲ್ಲೇಶ್ವರಕ್ಕೂ ಕುರುವತ್ತಿಯ ಮಲ್ಲಿಕಾರ್ಜುನನಿಗೂ. ಹಾಗೆ ಬಂದವರನ್ನು ಇಲ್ಲಿಯ ಹೆಸರುಗಳೇ ಮೊದಲು ದಾರಿ ತಪ್ಪಿಸುವುವು. ಹಡಗಲಿ ಎಂದರೆ ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯೂ ಉಂಟು, ಅದೇ ತಾಲೂಕಿನಲ್ಲಿ ಹಿರೇಹಡಗಲಿಯೂ ಉಂಟು. ಉಜ್ಜಿನಿ ಎಂದು ಯಂತ್ರದಲ್ಲಿ ಬರೆದರೆ ಅದು ಕ್ಷಿಪ್ರಾ ನದಿಯ ದಂಡೆಯ ಉಜ್ಜಯಿನಿಗೆ ಕರೆದೊಯ್ಯಲು ಸಿದ್ಧವಾಗುವುದು. ಅರಸೀಕೆರೆ ಎಂದರೆ ಹಾಸನದ ಕಡೆಗೆ ಮುಖ ಮಾಡುವುದು. ಹರಪನಹಳ್ಳಿ ತಾಲೂಕಿನಲ್ಲಿಯೂ ಒಂದು ಅರಸೀಕೆರೆ ಇದೆಯೆಂಬುದು ಅದಕ್ಕೆ ಎರಡನೆಯ ನೆನಪು. ಹಗರಿಗಳೂ ಎರಡು. ಬಳ್ಳಾರಿಯ ಮೂಡಣಕ್ಕೆ ಹರಿಯುವ ವೇದಾವತಿಯೇ ದೊಡ್ಡ ಹಗರಿ. ಬೊಮ್ಮನಹಳ್ಳಿಗೆ ಹೆಸರು ಕೊಟ್ಟಿರುವುದು ಚಿಕ್ಕ ಹಗರಿ. ಮಾಲವಿಯ ಜಲಾಶಯವನ್ನು ಕಟ್ಟಿರುವುದು ಈ ಚಿಕ್ಕ ಹಗರಿಗೇ.

ಇನ್ನು ಸರಕಾರದ ಗೆರೆಗಳಂತೂ ಇಲ್ಲಿ ನಿಂತಲ್ಲಿ ನಿಂತುದಿಲ್ಲ. ಶಾಸನಗಳ ಕಾಲದಲ್ಲಿ ಇದು ನೊಳಂಬವಾಡಿ ಮೂವತ್ತೆರಡು ಸಾಸಿರದೊಳಗಿನ ಕೋಗಳಿ ಐನೂರು. ಆ ಕೋಗಳಿ ಈಗ ಬೊಮ್ಮನಹಳ್ಳಿ ತಾಲೂಕಿನ ಒಂದು ಹಳ್ಳಿ. ೧೮೦೦ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಇದೂ ಸೇರಿತು. ತಾಮಸ್ ಮನ್ರೋ ಕಲೆಕ್ಟರನಾಗಿ ಬಂದು ಹೊಲಹೊಲವನ್ನೂ ಸರಪಣಿ ಹಿಡಿಸಿ ಅಳೆಯಿಸಿದನು. ಆಮೇಲೆ ಬಹುಕಾಲ ಮದರಾಸು ಪ್ರಾಂತ. ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಬಂದಿತು. ೧೯೯೭ರಲ್ಲಿ ಹರಪನಹಳ್ಳಿಯು ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ಕೂಡ್ಲಿಗಿ ತಾಲೂಕಿನಲ್ಲಿದ್ದ ಕೊಟ್ಟೂರು ಅದೇ ಸುಮಾರಿನಲ್ಲಿ ತಾನೇ ತಾಲೂಕಾಯಿತು. ೨೦೨೧ರಲ್ಲಿ ಈ ಐದೂ ಹೊಸಪೇಟೆಯೊಂದಿಗೆ ಸೇರಿ ವಿಜಯನಗರ ಜಿಲ್ಲೆಯಾದುವು. ರಸ್ತೆಗಳ ಅಂಕಿಗಳೂ ಬದಲಾದುವು. ಕೂಡ್ಲಿಗಿಯ ಮೇಲೆ ಹೋಗುವ ಹೆದ್ದಾರಿಯು ಮೊದಲು ೧೩, ೨೦೧೦ರ ಹೊಸ ಎಣಿಕೆಯಲ್ಲಿ ೫೦.

ನಮ್ಮ ಗಾಡಿಯಲ್ಲಿದ್ದ ರಸ್ತೆಗಳ ಪಟದಲ್ಲಿ ಹರಪನಹಳ್ಳಿಯು ದಾವಣಗೆರೆಯ ಬಣ್ಣದಲ್ಲಿತ್ತು, ಕೊಟ್ಟೂರಿಗೆ ತಾಲೂಕಿನ ಗುರುತಿರಲಿಲ್ಲ, ಹೆದ್ದಾರಿಯ ಮೇಲೆ ೧೩ ಎಂದಿತ್ತು. ಇದನ್ನು ನೋಡಿ ನಮ್ಮ ಮಗನು, "ಅಪ್ಪಾ, ಇದು ಇತಿಹಾಸದ ಪುಸ್ತಕ, ದಾರಿಯ ಪುಸ್ತಕವಲ್ಲ" ಎಂದು ನಗುತ್ತಿದ್ದನು. ಅವನ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ತಾಲೂಕುಗಳು ಎಷ್ಟು ಸಲ ಮನೆ ಬದಲಿಸಿದರೂ ಹಳ್ಳಗಳು ತಮ್ಮ ಪಾತ್ರವನ್ನು ಬಿಟ್ಟು ಹೋಗಲಿಲ್ಲವಷ್ಟೆ.

ಈ ಪಟವಲ್ಲದೆ ನಮ್ಮಲ್ಲಿ ಭಾರತ ಸರ್ವೇಕ್ಷಣ ಇಲಾಖೆಯ ಹಾಳೆಗಳಿದ್ದುವು. ೧೭೬೭ರಲ್ಲಿ ಹುಟ್ಟಿದ ಈ ಇಲಾಖೆಯು ದೇಶವನ್ನೆಲ್ಲ ಚೌಕಚೌಕವಾಗಿ ವಿಂಗಡಿಸಿ, ನೆಲದ ಒಂದು ಕಿಲೋಮೀಟರಿಗೆ ಕಾಗದದ ಎರಡು ಸೆಂಟಿಮೀಟರಿನಂತೆ ಬರೆದಿರುವ ಹಾಳೆಗಳಿವು. ರಸ್ತೆಗೆ ಕೆಂಪು, ನೀರಿಗೆ ನೀಲಿ, ಅಡವಿಗೆ ಹಸುರು, ಉತ್ತ ನೆಲಕ್ಕೆ ಹಳದಿ, ಏರುತಗ್ಗುಗಳಿಗೆ ಕಂದು ಗೆರೆ. ಬತ್ತುವ ಹಳ್ಳಗಳಿಗೆ ಕಪ್ಪು ಗೆರೆ. ಈ ಕೊನೆಯ ಮಾತನ್ನು ವಾಚಕರು ಜ್ಞಾಪಕದಲ್ಲಿಡಬೇಕು. ೨೦೦೫ರ ಭೂಪಟ ನೀತಿಯ ತರುವಾಯ ಸಾರ್ವಜನಿಕರಿಗೆಂದೇ ಬೇರೆ ಕ್ರಮದ ಹಾಳೆಗಳು ಬಂದಿವೆ. ೨೦೧೭ರಿಂದ ಅಂತರ್ಜಾಲದಲ್ಲಿ ಹಣವಿಲ್ಲದೆ ಪಡೆಯುವ ಸೌಕರ್ಯವೂ ಆಯಿತು. ನಮ್ಮಲ್ಲಿದ್ದುವು ಹಳೆಯ ಎಣಿಕೆಯವು.

ಈ ಎಣಿಕೆಯಲ್ಲಿ ನಮ್ಮ ಸೀಮೆಗೆ ಒಂದು ವಿಚಿತ್ರವಾದ ಗ್ರಹಚಾರವಿದೆ. ೧೫ನೆಯ ಉತ್ತರ ಅಕ್ಷಾಂಶವೂ ೭೬ನೆಯ ಪೂರ್ವ ರೇಖಾಂಶವೂ ಒಂದನ್ನೊಂದು ಕತ್ತರಿಸುವ ಬಿಂದುವು ಹಡಗಲಿಗೆ ಸಮೀಪದಲ್ಲಿಯೇ ಮೂಡಣಕ್ಕೆ ಬೀಳುವುದು. ಅಲ್ಲಿಯೇ ನಾಲ್ಕು ಹಾಳೆಗಳ ಮೂಲೆಗಳು ಸೇರುವುವು. ಹಡಗಲಿ ೪೮ ಎಂ ಹಾಳೆಗೆ, ಹರಪನಹಳ್ಳಿ ೪೮ ಎನ್ ಹಾಳೆಯ ಅಂಚಿಗೆ ಒತ್ತಿದಂತೆ, ಬೊಮ್ಮನಹಳ್ಳಿ ೫೭ ಎ ಹಾಳೆಗೆ, ಕೊಟ್ಟೂರು ೫೭ ಬಿ ಹಾಳೆಗೆ. ನೆರೆಹೊರೆಯ ನಾಲ್ಕು ಊರುಗಳು, ನಾಲ್ಕೂ ಬೇರೆ ಬೇರೆ ಹಾಳೆ! ಒಂದು ಹಾಳೆಯನ್ನು ಕೊಂಡವನಿಗೆ ಇಲ್ಲಿ ಒಂದು ಊರು ಸಿಕ್ಕುವುದೇ ಹೊರತು ಇನ್ನೊಂದು ಊರಿಗೆ ದಾರಿ ಸಿಕ್ಕುವುದಿಲ್ಲ. ನಾವು ನಾಲ್ಕನ್ನೂ ತರಿಸಿ, ಅಂಚುಗಳನ್ನು ಕತ್ತರಿಸಿ, ಮೈದಾಹಿಟ್ಟಿನ ಅಂಟಿನಿಂದ ಹಳೆಯ ಪಂಚೆಯೊಂದರ ಮೇಲೆ ಜೋಡಿಸುವುದಕ್ಕೆ ಪಡಸಾಲೆಯಲ್ಲಿ ಕುಳಿತೆವು. ಎರಡು ದಿನ ಅಲ್ಲಿ ಯಾರೂ ಕಾಲಿಡುವಂತಿರಲಿಲ್ಲ. ಗೆರೆಗೆ ಗೆರೆ ಕೂಡಿ, ಹರಪನಹಳ್ಳಿಯ ಹಾದಿ ಅಂಚನ್ನು ದಾಟಿ ಕೊಟ್ಟೂರಿನ ಹಾದಿಯಾಗಿ ಮುಂದುವರಿದುದನ್ನು ನೋಡಿದಾಗ ಆದ ಸಂತೋಷವು ಇಂಥದೆಂದು ಹೇಳಲಾರೆವು. ಆ ಚಚ್ಚೌಕವು ನಮ್ಮ ಕಣ್ಣಿಗೆ ಬಿದ್ದುದೂ ಆಗಲೇ. ಅದುವರೆಗೆ ಮೂವತ್ತು ವರುಷ ಬಸ್ಸಿನಲ್ಲಿ ತಿರುಗಾಡಿದ್ದರೂ ಈ ಊರುಗಳು ನಮಗೆ ಒಂದರ ಹಿಂದೊಂದು ಬರುವ ನಿಲ್ದಾಣಗಳಾಗಿದ್ದುವೇ ಹೊರತು, ಒಂದಕ್ಕೊಂದು ಯಾವ ದಿಕ್ಕಿನಲ್ಲಿವೆಯೆಂದು ತಿಳಿದಿರಲಿಲ್ಲ.

ಆಶ್ವಯುಜದಲ್ಲಿ, ಚಿತ್ತೆಯ ಮಳೆಯ ಕಾಲದಲ್ಲಿ, ನಾವೂ ನಮ್ಮ ಮನೆಯವರೂ ಮಗನೂ ಹಡಗಲಿಗೆ ಬಂಧುಗಳ ಗೃಹಪ್ರವೇಶಕ್ಕೆಂದು ಹೋಗಿದ್ದೆವು. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಮೊಬೈಲಿನಲ್ಲಿ ಸುದ್ದಿ ಬಂದಿತು. ಉಜ್ಜಿನಿಯ ಕಡೆಯ ಹಳ್ಳಿಯೊಂದರಲ್ಲಿರುವ ನಮ್ಮ ಅತ್ತೆಯವರು, ಎಂಬತ್ತೈದು ದಾಟಿದವರು, ಎರಡು ದಿನದಿಂದ ಅನ್ನ ಬಿಟ್ಟಿದ್ದಾರೆ, ಮಗಳನ್ನು ಕೇಳುತ್ತಿದ್ದಾರೆ. ನಮ್ಮ ಮನೆಯವರು ಮಾತನಾಡದೆ ಎದ್ದು ಕಾರಿನಲ್ಲಿ ಕುಳಿತರು. ಆಗ ನಾಲ್ಕು ಗಂಟೆಯಾಗಿತ್ತು.

ಹರಪನಹಳ್ಳಿಯ ಮೇಲೆ ಕೊಟ್ಟೂರಿಗೆ ಹೋಗಿ ಅಲ್ಲಿಂದ ಮುಂದೆ ಸಾಗುವುದೆಂದು ಎಣಿಸಿದ್ದೆವು. ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡಬಿದ್ದು ಗಾಡಿಗಳು ಸಾಲುಗಟ್ಟಿ ನಿಂತಿದ್ದುವು. ಮಗನು ಮೊಬೈಲನ್ನು ನೋಡಿ, ಹಳ್ಳಿಗಳ ಮೇಲೆ ಕೊಟ್ಟೂರಿಗೇ ನೇರವಾಗಿ ಹೋಗುವ ಹಾದಿಯೊಂದನ್ನು ಅದು ತೋರಿಸುತ್ತಿದೆಯೆಂದನು. ಚೌಕದ ಮಗ್ಗುಲುಗಳನ್ನು ಬಿಟ್ಟು ಕರ್ಣವನ್ನು ಹಿಡಿದಂತೆ. ರೇಖಾಗಣಿತದ ಪ್ರಕಾರ ಅದು ಹತ್ತಿರವೇ, ನಾವೂ ಒಪ್ಪಿದೆವು.

ಮೊದಲು ಡಾಂಬರಿನ ರಸ್ತೆ, ಆಮೇಲೆ ಗರಸಿನ ರಸ್ತೆ, ಆಮೇಲೆ ಮೆಕ್ಕೆಜೋಳದ ಹೊಲಗಳ ನಡುವೆ ಬಂಡಿಯ ಜಾಡು. ಮುಗಿಲು ಕವಿದು ಹೊತ್ತಿಗೆ ಮೊದಲೇ ಕತ್ತಲಾಗುತ್ತಿತ್ತು. ಮೂರು ದಾರಿ ಕೂಡುವ ಒಂದೆಡೆಯಲ್ಲಿ ಮಗನು ಗಾಡಿಯನ್ನು ನಿಲ್ಲಿಸಿ, "ಅಪ್ಪಾ, ಚುಕ್ಕೆ ಕಾಣ್ತದೆ, ದಾರಿ ಕಾಣ್ತಿಲ್ಲ" ಎಂದನು. ನಾವಿರುವ ಸ್ಥಳವನ್ನು ತೋರಿಸುವ ನೀಲಿಯ ಚುಕ್ಕೆಯು ಬರಿಯ ಬಿಳಿಯ ಬಯಲಿನಲ್ಲಿ ಮಿನುಗುತ್ತಿತ್ತು. ಇದರ ಕಾರಣವನ್ನು ತರುವಾಯ ಅವನಿಂದಲೇ ತಿಳಿದುಕೊಂಡೆವು. ನಾವೆಲ್ಲಿದ್ದೇವೆಂಬುದನ್ನು ಯಂತ್ರವು ಆಕಾಶದ ಉಪಗ್ರಹಗಳಿಂದ ತಿಳಿಯುವುದು. ಅದಕ್ಕೆ ಊರಿನ ಗೋಪುರಗಳ ಹಂಗಿಲ್ಲ. ಆದರೆ ಸುತ್ತಣ ದಾರಿಗಳ ಚಿತ್ರವನ್ನು ಮುಂಚೆಯೇ ಇಳಿಸಿಟ್ಟುಕೊಂಡಿರದಿದ್ದರೆ ಅದು ಗೋಪುರಗಳ ಮೂಲಕವೇ ಬರಬೇಕು. ಇಳಿಸಿಟ್ಟುಕೊಳ್ಳುವುದು ಕಷ್ಟವಲ್ಲ, ನಾವು ಮಾಡಿರಲಿಲ್ಲ, ಅಷ್ಟೆ. ಯಂತ್ರವನ್ನು ದೂಷಿಸಿ ಪ್ರಯೋಜನವಿಲ್ಲ. ವಿದ್ಯುತ್ತು ತುಂಬುವ ತಂತಿಯನ್ನೂ ಗೃಹಪ್ರವೇಶದ ಮನೆಯಲ್ಲಿ ಬಿಟ್ಟು ಬಂದಿದ್ದೆವು. ಸ್ವಲ್ಪ ಹೊತ್ತಿನಲ್ಲಿ ಚುಕ್ಕೆಯೂ ಆರಿತು.

ಆಗ ನಮ್ಮ ಬೆತ್ತವನ್ನು ಹೊರಗೆ ತೆಗೆದೆವು.

ಹಿಂದಿನ ಹಳ್ಳಿಯಲ್ಲಿ ನೀರು ಹೊರುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಊರ ಹೆಸರು ಕೇಳಿದ್ದೆವು. ಅವಳು ಹೇಳಿದ ಹೆಸರು ಹಾಳೆಯಲ್ಲಿರಲಿಲ್ಲ. ಹಾಳೆಯಲ್ಲಿದ್ದ ಹೆಸರನ್ನು ಎರಡು ಸಲ ಗಟ್ಟಿಯಾಗಿ ಉಚ್ಚರಿಸಿದಾಗ, ಅದು ಅವಳು ಹೇಳಿದುದೇ, ಅಚ್ಚಿನವರ ನಾಲಿಗೆಯಲ್ಲಿ ಸಿಕ್ಕಿ ಸ್ವಲ್ಪ ಉಳುಕಿದೆ ಎಂದು ತಿಳಿಯಿತು. ನೆಲೆ ಸಿಕ್ಕಿತು. ಇನ್ನು ಭಯವಿಲ್ಲ. ನಾವು ಚೌಕದ ಒಳಗಿದ್ದೇವೆ. ಯಾವ ದಿಕ್ಕಿಗೆ ನೆಟ್ಟಗೆ ಹೋದರೂ ಒಂದು ಹೆದ್ದಾರಿ ಸಿಕ್ಕಲೇಬೇಕು. ಮೂಡಣಕ್ಕೆ ಹೋದರೆ ಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಬರುವ ರೈಲು ಹಳಿಯೂ ಸಿಕ್ಕಬೇಕು. ಅಲ್ಲಿ ಬಲಕ್ಕೆ ತಿರುಗಿದರೆ ಕೊಟ್ಟೂರು. ಹಾಳೆಯ ಮೇಲೆ ಮೂಡಣ ಜಾಡನ್ನು ಬೆರಳಿನಿಂದ ಅಳೆದೆವು: ಮುಂದೆ ಒಂದು ಹಳ್ಳ, ಗೆರೆ ಕಪ್ಪು. "ಕಪ್ಪೆಂದರೆ ಒಣ ಹಳ್ಳ. ನಡೆ" ಎಂದು ಮಗನಿಗೆ ಹೇಳಿದೆವು. ತರಗತಿಯಲ್ಲಿ ಹೇಳುವ ಧ್ವನಿಯಲ್ಲಿಯೇ ಹೇಳಿದೆವೆಂದು ನಮ್ಮ ಮನೆಯವರು ಈಗಲೂ ಅನ್ನುವುದುಂಟು.

ಎರಡು ಫರ್ಲಾಂಗು ಹೋಗಿರಬೇಕು. ಕಂಬಳಿ ಹೊದ್ದ ಕುರಿಗಾರನೊಬ್ಬನು ಕೋಲನ್ನು ಅಡ್ಡ ಹಿಡಿದು ಗಾಡಿಯ ಮುಂದೆ ನಿಂತನು.

"ಎಲ್ಲಿಗ್ರಿ ಯಜಮಾನ್ರೇ? ಮುಂದಕ್ಕ ಹೋಗಬ್ಯಾಡ್ರಿ, ಹಳ್ಳ ಬಂದೈತಿ."

"ಇಲ್ಲಿ ಮಳೆಯೇ ಬಿದ್ದಿಲ್ಲವಲ್ಲಪ್ಪ."

"ಇಲ್ಲಿ ಬೀಳದಿದ್ರ ಏನಾತ್ರಿ? ಮ್ಯಾಲೆ ಬಿದ್ದೈತಲ್ಲ."

ಗಾಡ��ಯ ದೀಪವನ್ನು ಆರಿಸಿ ಕಿವಿಗೊಟ್ಟರೆ ಆ ಕತ್ತಲೆಯಲ್ಲಿ ನೀರಿನ ಮೊರೆತವು ಕೇಳಿಸಿತು. ಮಗನು ಇಳಿದು ಅವನೊಂದಿಗೆ ಇಪ್ಪತ್ತು ಮಾರು ಮುಂದೆ ಹೋಗಿ ಬಂದನು. ಬಂದವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಜಾಡು ನೇರವಾಗಿ ನೀರಿಗೆ ಇಳಿದಿತ್ತು. ಆಚೆಯ ದಡವು ದೀಪಕ್ಕೆ ಕಾಣಲಿಲ್ಲ. ಹಾಳೆಯು ಸುಳ್ಳು ಹೇಳಿರಲಿಲ್ಲ. ಕಪ್ಪು ಗೆರೆಯೆಂದರೆ ವರುಷದ ಬಹುಭಾಗ ಬತ್ತಿರುವ ಹಳ್ಳವೆಂದೇ ಅರ್ಥ. ಅದನ್ನು ಎಂದೆಂದೂ ಬತ್ತಿರುವುದೆಂದು ಓದಿದವರು ನಾವು. ಇಷ್ಟು ವರುಷ ಹುಡುಗರಿಗೆ ಭೂಗೋಲ ಹೇಳಿದ ಮೇಲೆ, ಮೂವರ ಪ್ರಾಣವನ್ನು ಒಂದು ಕಪ್ಪು ಗೆರೆಯ ಮೇಲೆ ಇಡಹೊರಟಿದ್ದೆವಲ್ಲ ಎಂಬುದು ಮನಸ್ಸಿಗೆ ನಾಟಿತು.

ಕುರಿಗಾರನ ಕಂಬಳಿಯ ಮರೆಯಲ್ಲಿ ಹಾಳೆಯನ್ನು ಬಿಚ್ಚಿ ಬ್ಯಾಟರಿ ಹಿಡಿದೆವು. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಹಾಳೆಯನ್ನು ಓದುವುದಕ್ಕೆ ಅಕ್ಷರವೇನೂ ಬೇಕಾಗಲಿಲ್ಲ. "ಇದು ಕೆರೆ, ಇದು ಏರಿ, ಇದು ಈ ಹಳ್ಳ" ಎಂದು ನಾವು ತೋರಿಸಿದ ಕೂಡಲೇ ಅವನು ತನ್ನ ಹೆಬ್ಬೆರಳನ್ನು ಮೇಲಿಂದ ಕೆಳಕ್ಕೆ ಎಳೆದು, ಏರಿಯ ಮೇಲೆ ಹೋಗಕೂಡದು, ಕೋಡಿ ಬಿದ್ದಿದೆ. ತೆಂಕಲಿಗೆ ಹೋದರೆ ಹೆದ್ದಾರಿಗೆ ಸೇತುವೆಯುಂಟು ಎಂದನು. ಹಾಳೆಯಲ್ಲಿಯೂ ಹಾಗೆಯೇ ಇತ್ತು. ಅದೇ ಕಪ್ಪು ಗೆರೆಯು ಹರಪನಹಳ್ಳಿ-ಕೊಟ್ಟೂರಿನ ಕೆಂಪು ಗೆರೆಯನ್ನು ಸಂಧಿಸುವಲ್ಲಿ ಸೇತುವೆಯ ಗುರುತು.

ಇಲ್ಲಿ ಒಂದು ಮಾತು. ಮೊಬೈಲು ಎಡ, ಬಲ ಎಂದು ಹೇಳುವುದು. ನಮ್ಮ ಹಳ್ಳಿಯವರು ಮೂಡಲು, ಪಡುವಲು ಎಂದು ಹೇಳುವರು. ಎಡಬಲಗಳು ನಡೆಯುವವನ ಮೈಗೆ ಸೇರಿದುವು. ಅವನು ಹಿಂದಿರುಗಿದರೆ ಅವೂ ಹಿಂದಿರುಗುವುವು. ದಿಕ್ಕುಗಳು ನೆಲಕ್ಕೆ ಸೇರಿದುವು. ನಮ್ಮ ಪೂರ್ವಿಕರು ಮೂಡಣಕ್ಕೆ ಮುಖ ಮಾಡಿ ನಿಂತು ಬಲಗೈಯ ಕಡೆಯನ್ನು ದಕ್ಷಿಣವೆಂದು ಕರೆದು ಈ ಎರಡನ್ನೂ ಒಂದು ಮಾಡಿದರು. ಕಾತ್ಯಾಯನ ಶುಲ್ಬಸೂತ್ರದಲ್ಲಿ ದಿಕ್ಕನ್ನು ಸಾಧಿಸುವ ಕ್ರಮವಿದೆ: ನೆಲದ ಮೇಲೆ ಶಂಕುವನ್ನು ನೆಟ್ಟು ಸುತ್ತಲೂ ವೃತ್ತವನ್ನೆಳೆದು, ಬೆಳಗ್ಗೆ ನೆರಳಿನ ತುದಿಯು ವೃತ್ತವನ್ನು ಹೊಕ್ಕ ಸ್ಥಳವನ್ನೂ ಮಧ್ಯಾಹ್ನದ ಮೇಲೆ ಹೊರಟ ಸ್ಥಳವನ್ನೂ ಕೂಡಿಸಿದರೆ ಅದೇ ಪೂರ್ವಪಶ್ಚಿಮದ ಗೆರೆ. ಕಾಗದದ ನಕಾಶೆಯು ಹಳ್ಳಿಯವನ ಭಾಷೆಯಲ್ಲಿಯೇ ಮಾತನಾಡುವುದರಿಂದ, ಕುರಿಗಾರನೂ ನಾವೂ ಅದರ ಎರಡು ಪಕ್ಕದಲ್ಲಿ ಕುಳಿತು ಅರ್ಥಮಾಡಿಕೊಳ್ಳಲು ಸಾಧ್ಯವಾಯಿತು. ಅವನು ಬಾಯಲ್ಲಿ ಹೇಳಿದ್ದರೆ ನಾಲ್ಕನೆಯ ತಿರುವಿನಲ್ಲಿ ಮರೆಯುತ್ತಿದ್ದೆವು. ಅವನಿಲ್ಲದೆ ನಾವೇ ಓದಿಕೊಂಡಿದ್ದರೆ ಏನಾಗುತ್ತಿತ್ತೆಂಬುದನ್ನು ಹೇಳಿಯಾಗಿದೆ.

ಅಷ್ಟರಲ್ಲಿ ತೆಂಕಣದಿಂದ ರೈಲಿನ ಕೂಗು ಕೇಳಿಬಂದಿತು. ನಮಗೆ ದಿಕ್ಕೇ ತಪ್ಪಿದಂತಾಯಿತು. ನಮ್ಮ ಹಾಳೆಯಲ್ಲಿ ರೈಲು ಹೊಸಪೇಟೆಯಿಂದ ಬಂದು ಕೊಟ್ಟೂರಿನಲ್ಲಿ ಮುಗಿಯುವುದು. ಅದು ನಮಗೆ ಮೂಡಣಕ್ಕಿರಬೇಕಲ್ಲದೆ ತೆಂಕಣಕ್ಕಲ್ಲ. "ಹರಪನಹಳ್ಳಿ ರೈಲ್ರಿ ಅದು" ಎಂದು ಕುರಿಗಾರನು ನಕ್ಕನು. ಹಾಳೆ ಅಚ್ಚಾದ ಎಷ್ಟೋ ವರುಷಗಳ ಮೇಲೆ ಕೊಟ್ಟೂರಿನಿಂದ ಹರಪನಹಳ್ಳಿಯ ಮಾರ್ಗವಾಗಿ ಹರಿಹರದವರೆಗೆ ಹಳಿ ಬೆಳೆದಿರುವುದನ್ನು ಬಲ್ಲೆವು. ಆದರೆ ಬಲ್ಲುದನ್ನು ಹಾಳೆಯ ಮೇಲೆ ಗೀರಿರಲಿಲ್ಲ. ಇದೂ ನಮ್ಮ ತಪ್ಪೇ. ಹೊಸ ಹಳಿಯು ಹಳೆಯ ಹಾಳೆಯಲ್ಲಿಲ್ಲದಂತೆಯೇ, ತುಂಗಭದ್ರೆಗೆ ಅಣೆ ಕಟ್ಟುವ ಮುಂಚಿನ ನಕಾಶೆಗಳಲ್ಲಿ ಹೊಸಪೇಟೆಯ ಕಡೆಗೆ ನಾರಾಯಣದೇವರಕೆರೆಯೆಂಬ ಊರೂ ಅದಕ್ಕೆ ಹೋಗುವ ದಾರಿಗಳೂ ಇರುವುವು. ಈಗ ಅಲ್ಲಿ ಜಲಾಶಯದ ನೀರು ನಿಂತಿದೆ. ನಕಾಶೆಯ ಮೂಲೆಯಲ್ಲಿ ಅಚ್ಚಾದ ವರುಷವನ್ನು ಮೊದಲು ನೋಡಬೇಕೆನ್ನುವುದು ಇದಕ್ಕೇ.

ಕುರಿಗಾರನಿಗೆ ಹಣವನ್ನು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಗೃಹಪ್ರವೇಶದ ಹೋಳಿಗೆಯ ಡಬ್ಬಿಯನ್ನು ನಮ್ಮ ಮನೆಯವರು ಅವನ ಕೈಗಿತ್ತರು. ಅದನ್ನು ಸಂತೋಷದಿಂದ ತೆಗೆದುಕೊಂಡನು. ತೆಂಕಣಕ್ಕೆ ಮೆಲ್ಲಮೆಲ್ಲನೆ ಸಾಗಿ ಹೆದ್ದಾರಿಯನ್ನು ಸೇರಿದೆವು. ಸೇತುವೆಯನ್ನು ದಾಟುವಾಗ ಅದೇ ಹಳ್ಳವು ಕೆಳಗೆ ಕೆಂಪಗೆ ಹೊರಳುತ್ತಿತ್ತು. ಕೊಟ್ಟೂರನ್ನು ಒಂಬತ್ತು ಗಂಟೆಗೆ ಹೊಕ್ಕೆವು. ಹತ್ತಕ್ಕೆ ಮೊದಲು ಹಳ್ಳಿಯ ಮನೆಯಲ್ಲಿದ್ದೆವು.

ಅತ್ತೆಯವರಿಗೆ ಜ್ಞಾನವಿತ್ತು. ಮಗಳ ಕೈಯಿಂದ ನಾಲ್ಕು ಚಮಚ ಗಂಜಿಯನ್ನು ಕುಡಿದರು. ಸ್ವಲ್ಪ ಹೊತ್ತಿನ ಮೇಲೆ, "ಯಾವ ದಾರೀಲೆ ಬಂದ್ರೇ?" ಎಂದು ಮಗಳನ್ನು ಕೇಳಿದರು. ನಡೆದುದನ್ನು ಹೇಳಿದಾಗ ಅವರ ಮುಖದಲ್ಲಿ ಕಾಣಿಸಿದ್ದು ಭಯವಲ್ಲ, ಬೇಸರ. "ಪಡುವಲ ಗುಡುಗಿದ್ರೆ ಆ ಹಳ್ಳ ಮೂರು ತಾಸಿಗೆ ಬರ್ತದೆ. ಅದು ಗೊತ್ತಿಲ್ಲೇನು ನಿಮ್ಮ ಯಜಮಾನರಿಗೆ?" ಎಂದರು. ಅವರ ತವರುಮನೆಯು ನಾವು ಅಡ್ಡಾಡಿದ ಆ ಚೌಕದ ನಡುವಿನ ಹಳ್ಳಿಯಲ್ಲಿಯೇ. ಮದುವೆಯಾಗಿ ಬಂದ ಮೇಲೆ ವರುಷವರುಷವೂ ಕೊಟ್ಟೂರಿನ ತೇರಿಗೂ ತವರಿಗೂ ಬಂಡಿಯಲ್ಲಿ ಹೋಗಿಬಂದವರು. ಮಾರನೆಯ ದಿನ ಮಲಗಿದಲ್ಲಿಂದಲೇ ಆ ದಾರಿಯನ್ನು ಒಂದೊಂದಾಗಿ ಹೇಳತೊಡಗಿದರು: ಎತ್ತಿಗೆ ನೀರು ಕುಡಿಸುವ ಕಟ್ಟೆ, ಬುತ್ತಿ ಬಿಚ್ಚುವ ಹುಣಿಸೆಯ ತೋಪು, ಗಾಲಿ ಹೂತುಕೊಳ್ಳುವ ಎರೆಹೊಲ, ಹೆಂಗಸರನ್ನು ಇಳಿಸಿ ಬರಿಯ ಬಂಡಿ ದಾಟಿಸುವ ಹಳ್ಳ, ಮಳೆಗಾಲದಲ್ಲಿ ಅದನ್ನು ಬಿಟ್ಟು ಸುತ್ತುವ ದಿನ್ನೆ. ನಾವು ಹಾಳೆಯನ್ನು ಮಂಚದ ಪಕ್ಕದಲ್ಲಿ ಹರಡಿ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆವು. ಅವರು ಎಂದೂ ನಕಾಶೆಯನ್ನು ಕಂಡವರಲ್ಲ. ಹೇಳಿದ ಹನ್ನೊಂದು ಸ್ಥಳಗಳಲ್ಲಿ ಹತ್ತು ಹಾಳೆಯ ಮೇಲೆ ಸಿಕ್ಕಿದುವು.

ಆ ಮೇಲೆ ನಮ್ಮ ಗಾಡಿಯ ಖಾನೆಯಲ್ಲಿ ಇರುವ ಸಾಮಗ್ರಿಯನ್ನು ಹೇಳಿದರೆ ಕೆಲವರಿಗೆ ಉಪಯೋಗವಾದೀತು. ಪಂಚೆಯ ಮೇಲೆ ಅಂಟಿಸಿದ ನಾಲ್ಕು ಹಾಳೆ. ಬಟ್ಟೆಯ ಮೇಲಿನ ಕಾಗದವು ಮಡಿಕೆಯಲ್ಲಿ ಹರಿಯುವುದಿಲ್ಲ. ಮಡಿಸುವಾಗ ಬರೆಹವು ಹೊರಗೆ ಬರುವಂತೆ ಮಡಿಸಿದರೆ ಓಡುವ ಗಾಡಿಯಲ್ಲಿ ಪೂರ್ತಿ ಬಿಚ್ಚಬೇಕಾಗಿಲ್ಲ. ಕೂಡ್ಲಿಗಿಯ ಹಾಳೆಯು ಬೇರೆಯಾಗಿದೆ; ಗುಡೇಕೋಟೆಯ ಕರಡಿಧಾಮದ ಕಡೆಗೆ ಕತ್ತಲಲ್ಲಿ ದಾರಿ ತಪ್ಪಿ ಇಳಿದು ನಡೆಯುವುದು ಯಾರಿಗೂ ಹಿತವಲ್ಲ. ಒಂದು ಬ್ಯಾಟರಿ, ಒಂದು ಭೂತಗನ್ನಡಿ, ಪೆನ್ಸಿಲು, ಸಣ್ಣದೊಂದು ದಿಕ್ಸೂಚಿ. ದಿಕ್ಸೂಚಿಯನ್ನು ಗಾಡಿಯೊಳಗೆ ನೋಡಬಾರದು. ಸುತ್ತಲೂ ಕಬ್ಬಿಣವಿರುವುದರಿಂದ ಮುಳ್ಳು ಸುಳ್ಳಾಡುವುದು. ಇಳಿದು ನಾಲ್ಕು ಹೆಜ್ಜೆ ದೂರ ನಿಂತು ನೋಡಬೇಕು. ಹಾಳೆಯ ಬೆನ್ನಿನ ಮೇಲೆ ಬಂಧುಗಳ ದೂರವಾಣಿಯ ಅಂಕಿಗಳನ್ನೂ ೧೦೮, ೧೧೨ ಎಂಬ ತುರ್ತಿನ ಅಂಕಿಗಳನ್ನೂ ದಪ್ಪಕ್ಷರದಲ್ಲಿ ಬರೆದಿದ್ದೇವೆ. ಮೊಬೈಲು ಆರಿದಾಗ ಅದರೊಳಗಿನ ಅಂಕಿಗಳೂ ಆರುವುವಲ್ಲ. ತಾಲೂಕಿನ ಆಸ್ಪತ್ರೆಗಳಿಗೆ ಕೆಂಪು ಚುಕ್ಕೆ, ಪೆಟ್ರೋಲು ಸಿಕ್ಕುವೆಡೆಗೆ ಹಸುರು. ಹರಪನಹಳ್ಳಿಯ ರೈಲು ಹಳಿಯನ್ನು ಮಗನು ಕಪ್ಪು ಮಸಿಯಲ್ಲಿ ಗೀರಿದನು. ಮೊಮ್ಮಗಳು ತನ್ನ ಬಣ್ಣದ ಪೆಟ್ಟಿಗೆಯನ್ನು ತಂದು ಆ ಹಳ್ಳದ ಕಪ್ಪು ಗೆರೆಯ ಮಗ್ಗುಲಿಗೆ ಉದ್ದಕ್ಕೂ ನೀಲಿಯ ಗೆರೆಯೊಂದನ್ನು ಎಳೆದಳು.

ಮಗನಿಗೂ ನಮಗೂ ಒಂದು ರಾಜಿಯಾಗಿದೆ. ಹೊರಡುವ ಹಿಂದಿನ ರಾತ್ರಿ ಅವನು ಮೊಬೈಲಿನೊಳಕ್ಕೆ ಆ ಸೀಮೆಯ ಚಿತ್ರವನ್ನು ಇಳಿಸಿಕೊಳ್ಳುವನು. ನಾವು ಹಾಳೆಯನ್ನು ನೆಲದ ಮೇಲೆ ಹಾಸಿ ದಾರಿಯನ್ನು ಒಮ್ಮೆ ಓದಿಕೊಳ್ಳುವೆವು. ಕತ್ತಲಲ್ಲಿ, ಕೈ ನಡುಗುವಾಗ, ಮೊದಲ ಸಲ ಬಿಚ್ಚಿದ ನಕಾಶೆಯು ಯಾರಿಗೂ ಮಾತನಾಡುವುದಿಲ್ಲವೆಂಬುದನ್ನು ಅವನೂ ಈಗ ಒಪ್ಪುವನು. ನಮ್ಮ ಮನೆಯವರು ಓದುವ ಹೊತ್ತಿಗೆ ತಾವೂ ಬಂದು ಪಕ್ಕದಲ್ಲಿ ಕೂರುವರು. ಅವರ ಬೆರಳು ಹೋಗುವುದು ಪೆನ್ಸಿಲಿನ ಗುರುತುಗಳ ಮೇಲೆಯೇ.

ಅತ್ತೆಯವರು ಕೊಟ್ಟೂರಿನ ತೇರಿಗೆ ಹದಿನೈದು ದಿನ ಮೊದಲು ತೀರಿಕೊಂಡರು. ಹಾಳೆಯಲ್ಲಿ ಸಿಕ್ಕದೆ ಉಳಿದ ಹನ್ನೊಂದನೆಯದು ಒಂದು ಮೆಟ್ಟಿಲ ಬಾವಿ. ಎರಡು ಬೇವಿನ ಮರದ ನಡುವೆ ಇದೆಯೆಂದೂ, ಹದಿನಾಲ್ಕು ಮೆಟ್ಟಿಲೆಂದೂ, ಎಂಥ ಬರದಲ್ಲಿಯೂ ಕೆಳಗಿನ ಮೆಟ್ಟಿಲು ಒಣಗಿದ್ದನ್ನು ತಾವು ಕಂಡಿಲ್ಲವೆಂದೂ ಹೇಳಿದ್ದರು. ಹುಣಿಸೆಯ ತೋಪಿಗೂ ದಿನ್ನೆಗೂ ನಡುವೆ, ಸುಮಾರಾಗಿ ಒಂದು ಹೆಬ್ಬೆರಳಿನಗಲದ ಜಾಗದಲ್ಲಿ, ಪ್ರಶ್ನೆಯ ಚಿಹ್ನೆಯೊಂದನ್ನು ಹಾಕಿಟ್ಟಿದ್ದೇವೆ. ಮಳೆ ನಿಂತು ಹೊಲದ ದಾರಿ ಗಟ್ಟಿಯಾದ ಮೇಲೆ ಒಂದು ದಿನ ಹೋಗಿ ಹುಡುಕಬೇಕೆಂದು ನಮ್ಮ ಮನೆಯವರು ಹೇಳಿದ್ದಾರೆ. ಆ ಕುರಿಗಾರನು ಸಿಕ್ಕಿದರೆ ಅವನನ್ನೇ ಮೊದಲು ಕೇಳುವುದು.